ಮುಟ್ಟುವ ಮುನ್ನ

ನಮ್ಮ ಸನ್ನತಿಗೆ ಬರುವವರು ಭೀಮೆಯಲ್ಲಿ ಕಾಲು ತೊಳೆದು, ಚಂದ್ರಲಾಂಬೆಯ ದರ್ಶನ ಮಾಡಿಕೊಂಡು, ಪ್ರಸಾದ ಉಂಡು ಊರಿಗೆ ಮರಳುತ್ತಾರೆ. ಇದೇ ಗುಡಿಯ ಆವರಣದಲ್ಲಿ ಕಾಳಿಯ ವಿಗ್ರಹಕ್ಕೆ ಪೀಠವಾಗಿ ಒಂದು ಕಲ್ಲು ಶತಮಾನಗಳ ಕಾಲ ಬಿದ್ದಿತ್ತು ಎಂಬುದು ಬಹಳ ಜನರಿಗೆ ಗೊತ್ತಿಲ್ಲ. 1989ರಲ್ಲಿ ಆ ಕಲ್ಲನ್ನು ಹೊರಳಿಸಿ ನೋಡಿದಾಗ ಅದರ ಎರಡೂ ಮುಖಗಳಲ್ಲಿ ಬ್ರಾಹ್ಮೀ ಲಿಪಿಯ ಪ್ರಾಕೃತ ಬರಹ ಕಂಡಿತು. ಅಶೋಕ ಚಕ್ರವರ್ತಿಯ ಶಾಸನ! ವಿಗ್ರಹವನ್ನು ಭದ್ರವಾಗಿ ನಿಲ್ಲಿಸಬೇಕೆಂದು ಯಾರೋ ನಡುವೆ ಚೌಕಾಕಾರದ ತೂತು ಕೊರೆದಿದ್ದರು. ಅಷ್ಟು ಅಕ್ಷರಗಳು ಹೋದವು. ಉಳಿದದ್ದನ್ನು ಓದಿದ ವಿದ್ವಾಂಸರು ಅದರಲ್ಲಿ ಹನ್ನೆರಡನೆಯ ಮತ್ತು ಹದಿನಾಲ್ಕನೆಯ ಬಂಡೆಶಾಸನಗಳ ಭಾಗಗಳೂ, ಕಳಿಂಗದಲ್ಲಿ ಮಾತ್ರ ಇವೆ ಎಂದು ಅದುವರೆಗೆ ತಿಳಿದಿದ್ದ ಎರಡು ಪ್ರತ್ಯೇಕ ಶಾಸನಗಳ ಭಾಗಗಳೂ ಇವೆ ಎಂದರು.

ನಾನು ಮಕ್ಕಳಿಗೆ ಇತಿಹಾಸ ಹೇಳುವಾಗ ಈ ಹನ್ನೆರಡನೆಯ ಶಾಸನದ ಹತ್ತಿರ ತುಸು ಹೆಚ್ಚು ಹೊತ್ತು ನಿಲ್ಲುತ್ತೇನೆ. ತನ್ನ ಮತವನ್ನು ಹೊಗಳುವ ಭರದಲ್ಲಿ ಪರರ ಮತವನ್ನು ಹಳಿಯುವವನು ತನ್ನ ಮತಕ್ಕೇ ಕೇಡು ಮಾಡಿಕೊಳ್ಳುತ್ತಾನೆ, ಒಬ್ಬರ ಧರ್ಮವನ್ನು ಇನ್ನೊಬ್ಬರು ಕೇಳಿಸಿಕೊಳ್ಳಬೇಕು ಎಂಬುದು ಅದರ ತಾತ್ಪರ್ಯ. ಆ ಮಾತಿನ ಧೈರ್ಯದ ಮೇಲೆಯೇ, ಮನೆಯಲ್ಲಿ ದಿನಾ ಇಷ್ಟಲಿಂಗ ಪೂಜೆ ಮಾಡುವ ನಾನು, ಕ್ರೈಸ್ತರು ರೋಗಿಯ ಘನತೆಯ ಬಗ್ಗೆ ಏನು ಹೇಳಿದರು, ಏನು ಮಾಡಿದರು, ಎಲ್ಲಿ ತಪ್ಪಿದರು ಎಂದು ಬರೆಯಲು ಕೂತಿದ್ದೇನೆ. ಇದಕ್ಕೆ ಕಾರಣ ನಮ್ಮ ಆಯಿ.

ಆಯಿ ಎಂದರೆ ನಮ್ಮ ಕಡೆ ಅಜ್ಜಿ. ನನಗೆ ಎಂಟೋ ಒಂಬತ್ತೋ ವರುಷವಿದ್ದಾಗ ಆಕೆಯ ಸೆರಗು ಹಿಡಿದು ಜಾತ್ರೆಗೆ ಹೋಗಿದ್ದೆ. ದಾರಿಯ ಬದಿಯಲ್ಲಿ ಗೋಣಿತಟ್ಟು ಹಾಸಿಕೊಂಡು ಒಬ್ಬ ಹೆಂಗಸು ಕೂತಿದ್ದಳು. ಬೆರಳುಗಳು ಮೊಂಡಾಗಿದ್ದವು, ಕಾಲಿಗೆ ಕೊಳೆಯಾದ ಬಟ್ಟೆ ಸುತ್ತಿದ್ದಳು. ಊರವರು ಕುಷ್ಠ ಎಂದು ಬಾಯಿಬಿಟ್ಟು ಅನ್ನುತ್ತಿರಲಿಲ್ಲ, ‘ದೊಡ್ಡ ರೋಗ’ ಎನ್ನುತ್ತಿದ್ದರು. ಆಯಿ ಧಾರಾಳದ ಹೆಂಗಸು. ಪ್ರತಿ ವರುಷ ಆಕೆಗೆ ನಾಲ್ಕಾಣೆ ಹಾಕುತ್ತಿದ್ದಳು. ಹಾಕುತ್ತಿದ್ದಳು ಎಂದೆ ನೋಡಿ, ಅದೇ ಸರಿಯಾದ ಮಾತು. ಸೊಂಟದೆತ್ತರದಿಂದ ಬಿಡುತ್ತಿದ್ದಳು, ನಾಣ್ಯ ತಗಡಿನ ತಟ್ಟೆಗೆ ಬಿದ್ದು ಟಣ್ ಎಂದು ಉರುಳುತ್ತಿತ್ತು. ಆ ವರುಷ ಬಿಳಿ ಸೀರೆಯ ಇಬ್ಬರು ಸಿಸ್ಟರ್‌ಗಳು ಔಷಧದ ಪೆಟ್ಟಿಗೆ ಹಿಡಿದುಕೊಂಡು ಅಲ್ಲಿಗೆ ಬಂದಿದ್ದರು. ಒಬ್ಬಾಕೆ ನೆಲಕ್ಕೆ ಕೂತು, ಅರೆಬರೆ ಕನ್ನಡದಲ್ಲಿ, “ಅಮ್ಮಾ, ಕಾಲು ಮುಟ್ಟಲಾ?” ಎಂದು ಕೇಳಿದಳು. ಆ ಹೆಂಗಸು ತಕ್ಷಣ ಉತ್ತರ ಕೊಡಲಿಲ್ಲ. ಅವಳನ್ನು ಯಾರೂ ಏನನ್ನೂ ಕೇಳಿ ಎಷ್ಟು ವರುಷಗಳಾಗಿದ್ದವೋ! ಆಮೇಲೆ ಕಾಲನ್ನು ತಾನೇ ಮುಂದೆ ಚಾಚಿದಳು.

ಮನೆಗೆ ಬರುವಾಗ ಆಯಿ, “ಬೇಡಿ ತಿನ್ನೋಳಿಗಿ ಅದೇನ ಕೇಳದದ?” ಎಂದಳು. ಆ ಪ್ರಶ್ನೆ ನನ್ನಲ್ಲಿ ಉಳಿದುಬಿಟ್ಟಿತು. ಮುಟ್ಟಿದ್ದು ದೊಡ್ಡದೋ, ಮುಟ್ಟುವ ಮುನ್ನ ಕೇಳಿದ್ದು ದೊಡ್ಡದೋ?

ಕ್ರೈಸ್ತರ ಗ್ರಂಥದಲ್ಲಿ ಈ ರೋಗದ ವಿಷಯದಲ್ಲಿ ಎರಡು ಧ್ವನಿಗಳಿವೆ. ಹಳೆಯ ಒಡಂಬಡಿಕೆಯ ಯಾಜಕಕಾಂಡದಲ್ಲಿ ಇಂಥ ಚರ್ಮರೋಗವಿದ್ದವನು ಬಟ್ಟೆ ಹರಿದುಕೊಂಡು, ತಾನು ಅಶುದ್ಧನೆಂದು ಕೂಗುತ್ತ, ಪಾಳೆಯದ ಹೊರಗೆ ಬದುಕಬೇಕೆಂಬ ಕಟ್ಟಳೆ ಇದೆ. ಹೊಸ ಒಡಂಬಡಿಕೆಯಲ್ಲಿ ಯೇಸು ಅಂಥವನೊಬ್ಬನ ಮೇಲೆ ಕೈಯಿಟ್ಟು ವಾಸಿ ಮಾಡುತ್ತಾನೆ. ಬರಿಯ ಮಾತಿನಿಂದಲೇ ವಾಸಿ ಮಾಡಬಲ್ಲವನು ಮುಟ್ಟಲೇಬೇಕಾಗಿರಲಿಲ್ಲ, ಆದರೂ ಮುಟ್ಟಿದ ಎಂಬುದನ್ನು ಅವರ ಬೋಧಕರು ಬಹಳ ಎತ್ತಿ ಹೇಳುತ್ತಾರೆ. ಗಮನಿಸಬೇಕಾದ ಇನ್ನೊಂದು ಅಂಶ, ಆ ರೋಗಿಯೇ ಮೊದಲು ಬಂದು ಮೊಣಕಾಲೂರಿ ಬೇಡಿಕೊಂಡಿದ್ದ. ಮನುಷ್ಯ ದೇವರ ಪ್ರತಿರೂಪದಲ್ಲಿ ಸೃಷ್ಟಿಯಾದವನು, ಆದ್ದರಿಂದ ರೋಗ, ಬಡತನ, ಅಂಗವೈಕಲ್ಯ ಯಾವುದೂ ಅವನ ಬೆಲೆಯನ್ನು ತಗ್ಗಿಸಲಾರವು, ಇನ್ನೊಬ್ಬರ ಲಾಭಕ್ಕೆ ಅವನ ದೇಹವನ್ನು ಬಳಸಬಾರದು ಎಂಬುದು ಅವರ ವೈದ್ಯಕೀಯ ನೀತಿಯ ಬುಡ. ನೀತಿ ಹೇಳುವುದು ಸುಲಭ. ನಡೆದದ್ದೇನು ಎಂಬುದಕ್ಕೆ ಇತಿಹಾಸದ ಪುಟ ತಿರುವಬೇಕು.

1873ನೆಯ ಇಸವಿಯಲ್ಲಿ ಎರಡು ಸಂಗತಿ ನಡೆದವು. ಬೆಲ್ಜಿಯಂ ದೇಶದ ಪಾದ್ರಿ ದಾಮಿಯನ್ ಹವಾಯಿ ದ್ವೀಪಗಳ ಮೊಲೊಕಾಯಿಗೆ, ಕುಷ್ಠರೋಗಿಗಳನ್ನು ಒಯ್ದು ಬಿಡುತ್ತಿದ್ದ ಜಾಗಕ್ಕೆ, ತಾನಾಗಿ ಹೋದರು. ಅಲ್ಲೇ ಆ ರೋಗ ತಗುಲಿ 1889ರಲ್ಲಿ ತೀರಿಕೊಂಡರು. ಅದೇ 1873ರಲ್ಲಿ ನಾರ್ವೆಯ ಬೆರ್ಗೆನ್ ನಗರದಲ್ಲಿ ಡಾಕ್ಟರ್ ಆರ್ಮಾವರ್ ಹ್ಯಾನ್ಸೆನ್ ಈ ರೋಗಕ್ಕೆ ಒಂದು ಸೂಕ್ಷ್ಮಾಣು ಕಾರಣವೆಂದು ಕಂಡುಹಿಡಿದ. ಇದು ಪಾಪದ ಫಲವೂ ಅಲ್ಲ, ರಕ್ತದಲ್ಲಿ ಹರಿದು ಬರುವ ವಂಶದ ಶಾಪವೂ ಅಲ್ಲ ಎನ್ನುವುದಕ್ಕೆ ಅಲ್ಲಿಂದ ಆಧಾರ ಸಿಕ್ಕಿತು. ಮನುಕುಲಕ್ಕೆ ಎಂಥ ದೊಡ್ಡ ಉಪಕಾರ! ಶಾಲೆಯ ಪುಸ್ತಕಗಳು ಇಲ್ಲಿಗೆ ನಿಲ್ಲುತ್ತವೆ.

ಮುಂದಿನದು ಹೀಗಿದೆ. ಸೂಕ್ಷ್ಮಾಣು ಒಬ್ಬರಿಂದ ಒಬ್ಬರಿಗೆ ಹರಡುತ್ತದೆಂದು ಸಾಧಿಸಲು ಹ್ಯಾನ್ಸೆನ್ ಪ್ರಾಣಿಗಳ ಮೇಲೆ ಪ್ರಯೋಗ ಮಾಡಿ ನೋಡಿದ, ಫಲಿಸಲಿಲ್ಲ. 1879ರ ನವೆಂಬರಿನಲ್ಲಿ ಅವನು ಆಸ್ಪತ್ರೆಯಲ್ಲಿದ್ದ ಕಾರಿ ಎಂಬ 33 ವರುಷದ ಹೆಂಗಸಿನ ಕಣ್ಣಿಗೆ, ಇನ್ನೊಬ್ಬ ರೋಗಿಯ ಗಂಟಿನಿಂದ ತೆಗೆದ ವಸ್ತುವನ್ನು ಶಸ್ತ್ರದ ಮೊನೆಯಿಂದ ಚುಚ್ಚಿದ. ಅವಳಿಗಿದ್ದದ್ದು ಕುಷ್ಠದ ಒಂದು ಬಗೆ. ಇವನು ಹಾಕಿದ್ದು ಇನ್ನೊಂದು ಬಗೆಯದು. ಅವಳನ್ನು ಕೇಳಲಿಲ್ಲ. ಯಾಕೆ ಕೇಳಲಿಲ್ಲವೆಂದು ನ್ಯಾಯಾಲಯದಲ್ಲಿ ವಿಚಾರಿಸಿದಾಗ, ಕೇಳಿದರೆ ಒಪ್ಪುವುದಿಲ್ಲವೆಂದು ತನಗೆ ಅನ್ನಿಸಿತ್ತು ಎಂಬ ಅರ್ಥದ ಮಾತು ಹೇಳಿದ. ಆಗಿನ ಕಾಲದ ಡಾಕ್ಟರರಲ್ಲಿ ಹಲವರು ಅವನ ಪರವೇ. ಆ ಬಡ ಹೆಂಗಸಿನ ದೂರನ್ನು ಎತ್ತಿಕೊಂಡು ಅಧಿಕಾರಿಗಳಿಗೆ ಮುಟ್ಟಿಸಿದವರು ಆಸ್ಪತ್ರೆಯ ಪಾದ್ರಿ. 1880ರಲ್ಲಿ ತೀರ್ಪು ಬಂದು ಹ್ಯಾನ್ಸೆನ್ ಆಸ್ಪತ್ರೆಯ ವೈದ್ಯನ ಹುದ್ದೆ ಕಳೆದುಕೊಂಡ. ಜಗತ್ತು ಅವನ ಹೆಸರನ್ನು ರೋಗಕ್ಕೇ ಇಟ್ಟು ನೆನೆಯಿತು, ‘ಹ್ಯಾನ್ಸೆನ್ ಕಾಯಿಲೆ’ ಎಂದು. ಕಾರಿಯನ್ನು ನೆನೆದವರು ಕಡಿಮೆ. ಪ್ರಯೋಗಕ್ಕೆ ಒಳಗಾಗುವವರ ಒಪ್ಪಿಗೆಯೇ ಮೊದಲನೆಯ ನಿಯಮವೆಂದು ನ್ಯೂರೆಂಬರ್ಗಿನ ನ್ಯಾಯಾಧೀಶರು ಬರೆದದ್ದು 1947ರಲ್ಲಿ, ಎಂದರೆ 67 ವರುಷಗಳ ಮೇಲೆ.

ನಮ್ಮ ದೇಶಕ್ಕೆ ಬರೋಣ. ದಾಮಿಯನ್ ಸತ್ತ ಸುದ್ದಿ ಇಂಗ್ಲೆಂಡಿನಲ್ಲಿ ದೊಡ್ಡ ಭಯ ಹುಟ್ಟಿಸಿತು. ಒಂದು ಆಯೋಗವನ್ನು ಭಾರತಕ್ಕೆ ಕಳಿಸಿದರು. 1890-91ರಲ್ಲಿ ಅದು ದೇಶ ಸುತ್ತಿ, ಈ ರೋಗ ಅಂಟುವುದು ತೀರ ಕಡಿಮೆ ಎಂದೇ ವರದಿ ಕೊಟ್ಟಿತು. ಆದರೂ 1898ರಲ್ಲಿ ಕುಷ್ಠರೋಗಿಗಳ ಕಾಯಿದೆ ಬಂತು. ಭಿಕ್ಷೆ ಬೇಡುವ ರೋಗಿಯನ್ನು ವಾರಂಟ್ ಇಲ್ಲದೆ ಹಿಡಿದು ಆಶ್ರಮಕ್ಕೆ ಸೇರಿಸಬಹುದು. ರೋಗಿಯು ಸಾರ್ವಜನಿಕ ಬಾವಿ, ಕೆರೆಯ ನೀರು ಮುಟ್ಟದಂತೆ, ಕೆಲವು ಕಸುಬು ಮಾಡದಂತೆ ತಡೆಯಬಹುದು. ಈ ಕಾಯಿದೆ ಬ್ರಿಟಿಷರು ಹೋದ ಮೇಲೂ ಪುಸ್ತಕದಲ್ಲಿ ಉಳಿದು, ರದ್ದಾದದ್ದು 2016ರಲ್ಲಿ.

ಇಲ್ಲಿ ಮಿಶನರಿಗಳ ತಪ್ಪನ್ನೂ ಹೇಳದಿದ್ದರೆ ಬರಹ ಅರ್ಧವಾಗುತ್ತದೆ. ಅವರಲ್ಲಿ ಅನೇಕರು ಇಂಥ ಬಂಧನವನ್ನು ಬೆಂಬಲಿಸಿದರು. ಅವರ ಆಶ್ರಮಗಳಲ್ಲಿ ಗಂಡಸರನ್ನೂ ಹೆಂಗಸರನ್ನೂ ಬೇರೆ ಬೇರೆ ಇಡುತ್ತಿದ್ದರು, ಗಂಡಹೆಂಡಿರಾಗಿದ್ದರೂ ಸರಿಯೇ. ರೋಗವಿಲ್ಲದ ಮಕ್ಕಳನ್ನು ತಾಯಿಯಿಂದ ಅಗಲಿಸಿ ಬೇರೆ ಮನೆಯಲ್ಲಿ ಬೆಳೆಸುತ್ತಿದ್ದರು. ಮಗುವಿಗೆ ಅಂಟಬಾರದೆಂಬ ಕಾಳಜಿ ನಿಜ, ಆದರೆ ಆ ತಾಯಿಯನ್ನು ಯಾರು ಕೇಳಿದರು? ದವಾಖಾನೆಯ ಜಗಲಿಯಲ್ಲಿ ಔಷಧಕ್ಕೆ ಕಾದು ಕೂತವರಿಗೆ ಉಪದೇಶ ಕೇಳಿಸುತ್ತಿದ್ದದ್ದೂ ಉಂಟು. ಹಸಿದವನ ಮುಂದೆ, ನೋವಿನವನ ಮುಂದೆ ಮಾಡುವ ಉಪದೇಶಕ್ಕೆ ಅವನು ಬೇಡ ಎನ್ನಲಾರ. ಅವನ ಘನತೆಗೆ ಅದೂ ಒಂದು ಚುಚ್ಚು ಎಂದೇ ನನ್ನ ಅಭಿಪ್ರಾಯ.

ಇಷ್ಟಾದರೂ ಯಾರೂ ಹತ್ತಿರ ಸುಳಿಯದ ಕಾಲದಲ್ಲಿ ಹತ್ತಿರ ಬಂದವರು ಅವರು. ಮಂಗಳೂರಿಗೆ ಜರ್ಮನಿಯ ಅಗಸ್ಟಸ್ ಮುಲ್ಲರ್ ಎಂಬ ಜೆಸ್ವಿಟ್ ಪಾದ್ರಿ ಬಂದರು. 1880ರಲ್ಲಿ ಕಂಕನಾಡಿಯಲ್ಲಿ ಆಲದ ಮರದ ಕೆಳಗೆ ಹೋಮಿಯೋಪಥಿಯ ಗುಳಿಗೆ ಕೊಡಲು ಶುರು ಮಾಡಿ, 1890ರಲ್ಲಿ ಕುಷ್ಠರೋಗಿಗಳಿಗೆಂದೇ ಆಶ್ರಯ ಕಟ್ಟಿದರು. ಆ ಗುಳಿಗೆಯಿಂದ ಕುಷ್ಠ ವಾಸಿಯಾಯಿತೆಂದು ನಾನು ಹೇಳುವುದಿಲ್ಲ; ಆಗ ಯಾರ ಬಳಿಯೂ ವಾಸಿಮಾಡುವ ಮದ್ದಿರಲಿಲ್ಲ. ಮದ್ದಿಲ್ಲದಾಗಲೂ ಒಂದು ಹಾಸಿಗೆ, ಬಿಸಿ ಅನ್ನ, ಗಾಯಕ್ಕೆ ಶುದ್ಧ ಬಟ್ಟೆ ಕೊಡಬಹುದಲ್ಲ. 1910ರಲ್ಲಿ ಅವರು ತೀರಿಕೊಂಡರು, ಆಸ್ಪತ್ರೆ ಅವರ ಹೆಸರಿನಲ್ಲೇ ಬೆಳೆಯಿತು.

ಮಂಗಳೂರು ನಮಗೆ ದೂರ. ನಮ್ಮ ಕಲಬುರಗಿ ಸೀಮೆ ಆಗ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು. ಅದೇ ಸಂಸ್ಥಾನದ ನಿಜಾಮಾಬಾದ್ ಕಡೆಗೆ 1907ರಲ್ಲಿ ಸ್ಕಾಟ್ಲೆಂಡಿನ ಡಾಕ್ಟರ್ ಇಸಾಬೆಲ್ ಕೆರ್ ಗಂಡನ ಜೊತೆ ಬಂದರು. ಆಕೆ ಹೆಣ್ಣಾದುದರಿಂದ ಪರದೆಯ ಹೆಂಗಸರೂ ಬಂದರು. ಚಿಕಿತ್ಸೆಗೆ ಬಂದವರಲ್ಲಿ ಕುಷ್ಠರೋಗಿಗಳೇ ಹೆಚ್ಚುತ್ತ ಹೋದಾಗ, ಬೇರೆ ಆಸ್ಪತ್ರೆ ಬೇಕಾಯಿತು. ದೊಡ್ಡ ಮೊತ್ತದ ಹಣ ಕೊಟ್ಟವರು ಯಾರು ಗೊತ್ತೆ? ನರಸಾಗೌಡ ಎಂಬ ಹಿಂದೂ ಶ್ರೀಮಂತರು. 1915ರಲ್ಲಿ ಡಿಚ್‌ಪಲ್ಲಿಯಲ್ಲಿ ಆಸ್ಪತ್ರೆ ತೆರೆಯಿತು. ಮುಸಲ್ಮಾನ ನಿಜಾಮರ ನೆಲ, ಹಿಂದೂ ಸಾಹುಕಾರರ ದುಡ್ಡು, ಕ್ರೈಸ್ತ ಡಾಕ್ಟರಮ್ಮನ ಕೈ. ನಮ್ಮ ಕಲ್ಲಿನ ಹನ್ನೆರಡನೆಯ ಶಾಸನಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ. ಅಲ್ಲಿ ಕೊಡುತ್ತಿದ್ದದ್ದು ಗರುಡಫಲದ ಜಾತಿಯ ಬೀಜದ ಎಣ್ಣೆಯ ಇಂಜೆಕ್ಷನ್ನು. ಸುಶ್ರುತ ತುವರಕ ಎಂದು ಕರೆದದ್ದೂ ಈ ಜಾತಿಯನ್ನೇ. ಬಹಳ ನೋವಿನ ಚಿಕಿತ್ಸೆ, ಫಲವೂ ಅಷ್ಟಕ್ಕಷ್ಟೆ. ಆದರೆ ಆಶ್ರಮವೆಂದರೆ ಸಾಯುವ ಜಾಗ ಎಂದಿದ್ದದ್ದು, ಚಿಕಿತ್ಸೆ ಪಡೆದು ಮನೆಗೆ ಹೋಗುವ ಜಾಗವೂ ಆಗಬಹುದು ಎಂಬ ಆಸೆ ಅಲ್ಲಿಂದ ಹುಟ್ಟಿತು.

ವೆಲ್ಲೂರಿನ ಡಾಕ್ಟರ್ ಪಾಲ್ ಬ್ರಾಂಡ್ ಕತೆಯನ್ನು ನಾನು ತರಗತಿಯಲ್ಲಿ ಎಷ್ಟು ಸಲ ಹೇಳಿದ್ದೇನೋ. ಮಿಶನರಿ ದಂಪತಿಗಳ ಮಗನಾಗಿ 1914ರಲ್ಲಿ ತಮಿಳುನಾಡಿನ ಕೊಲ್ಲಿ ಬೆಟ್ಟದಲ್ಲಿ ಹುಟ್ಟಿದವರು, ಇಂಗ್ಲೆಂಡಿನಲ್ಲಿ ಕಲಿತು 1946ರಲ್ಲಿ ವೆಲ್ಲೂರಿಗೆ ಬಂದರು. ಚೆಂಗಲ್‌ಪಟ್ಟಿನ ಕುಷ್ಠಧಾಮಕ್ಕೆ ಹೋದಾಗ ಹಕ್ಕಿಯ ಉಗುರಿನಂತೆ ಮಡಚಿದ ಕೈಯ ರೋಗಿಯೊಬ್ಬನಿಗೆ ತನ್ನ ಕೈ ಕೊಟ್ಟು, ಹಿಸುಕು ಎಂದರು. ಅವನ ಹಿಡಿತಕ್ಕೆ ಡಾಕ್ಟರಿಗೇ ನೋವಾಯಿತು! ಸತ್ತಿದೆ ಎಂದುಕೊಂಡಿದ್ದ ಕೈಯಲ್ಲಿ ಒಳ್ಳೆಯ ಸ್ನಾಯುಗಳಿದ್ದವು. ಅಂದಿನ ತನಕ ಯಾರೂ ಆ ಕೈಯನ್ನು ಹಿಡಿದು ನೋಡಿರಲಿಲ್ಲ, ಅಷ್ಟೆ. ಆ ಸ್ನಾಯುಗಳನ್ನು ಬೇರೆ ಕಡೆಗೆ ಹೊಂದಿಸಿ, 1948ರಿಂದ ಅವರು ಮಡಚಿದ ಬೆರಳುಗಳನ್ನು ಬಿಚ್ಚುವ ಶಸ್ತ್ರಚಿಕಿತ್ಸೆ ಮಾಡಿದರು. ಬೆರಳು ಕೊಳೆತು ಉದುರುತ್ತವೆ ಎಂಬುದು ಸುಳ್ಳು, ಸ್ಪರ್ಶ ತಿಳಿಯದೆ ಸುಟ್ಟುಕೊಂಡು, ತರಚಿಕೊಂಡು ಸವೆಯುತ್ತವೆ ಎಂದು ತೋರಿಸಿದರು. ರಾತ್ರಿ ಮಲಗಿದಾಗ ಇಲಿ ಕಡಿದರೂ ಗೊತ್ತಾಗುವುದಿಲ್ಲವೆಂದು ತಿಳಿದ ಮೇಲೆ ರೋಗಿಗಳಿಗೆ ಬೆಕ್ಕು ಸಾಕಲು ಕೊಟ್ಟರಂತೆ. ನಮ್ಮಲ್ಲಿ ಇಂದಿಗೂ ಕೊಡುವ ಮೆತ್ತನೆಯ ಎಂಸಿಆರ್ ಚಪ್ಪಲಿಗಳ ಹಿಂದೆ ಅಂಥವರ ಪ್ರಯೋಗಗಳಿವೆ.

ಬ್ರಾಂಡ್ ಅವರೇ ಹೇಳಿಕೊಂಡಿರುವ ಇನ್ನೊಂದು ಸಂಗತಿ ನನ್ನನ್ನು ಹೆಚ್ಚು ಕಾಡಿದೆ. ಕೈ ಸರಿಹೋದ ಹುಡುಗರು ಕೆಲವರು ಬಂದು, ನಮಗೀಗ ಭಿಕ್ಷೆಯೂ ಹುಟ್ಟುತ್ತಿಲ್ಲ, ಮುಖದ ಗುರುತು ನೋಡಿ ಕೆಲಸವನ್ನೂ ಯಾರೂ ಕೊಡುತ್ತಿಲ್ಲ ಎಂದರಂತೆ. ಡಾಕ್ಟರು ತಾನು ಕೊಟ್ಟದ್ದೇನು, ಅವರಿಗೆ ಬೇಕಾದದ್ದೇನು ಎಂದು ಹೊಸದಾಗಿ ಯೋಚಿಸಬೇಕಾಯಿತು. ಕುಸಿದ ಮೂಗು ಎತ್ತುವುದು, ಉದುರಿದ ಹುಬ್ಬು ನೆಡುವುದು, ಬಡಗಿ ಕೆಲಸ ಕಲಿಸುವುದು ಆಸ್ಪತ್ರೆಯ ಕೆಲಸವಾಯಿತು. ಅವರ ಶಿಷ್ಯೆ ಡಾಕ್ಟರ್ ಮೇರಿ ವರ್ಗೀಸ್ 1954ರಲ್ಲಿ ಅಪಘಾತವಾಗಿ ಸೊಂಟದ ಕೆಳಗೆ ಸ್ವಾಧೀನ ಕಳೆದುಕೊಂಡ ಮೇಲೆ ಗಾಲಿಕುರ್ಚಿಯಲ್ಲಿ ಕೂತೇ ಇಂಥ ಕೈಗಳ ಆಪರೇಷನ್ ಮಾಡಿದರು. ತಮಗೆ ಕಾಲು ಮತ್ತೆ ಬಾರದೆಂದು ಗೊತ್ತಿದ್ದೂ ಇತರರ ಕೈ ಬಿಚ್ಚಿದ ಆಕೆಯ ಚಿತ್ರವನ್ನು ನಮ್ಮ ಹೆಣ್ಣುಮಕ್ಕಳ ಪಾಠದಲ್ಲಿ ಹಾಕಬೇಕೆಂದು ನನ್ನ ಬಹುದಿನದ ಆಸೆ.

1980ರ ದಶಕದಲ್ಲಿ ಹಲವು ಔಷಧಗಳನ್ನು ಕೂಡಿಸಿ ಕೊಡುವ ಚಿಕಿತ್ಸೆ ಬಂದು ಕುಷ್ಠ ಪೂರ್ತಿ ವಾಸಿಯಾಗುವ ರೋಗವಾಯಿತು. ಸರಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ. ಗಾಂಧೀಜಿ ತೀರಿಕೊಂಡ ಜನವರಿ 30ನ್ನು ಕುಷ್ಠವಿರೋಧಿ ದಿನವೆಂದು ಆಚರಿಸುತ್ತೇವೆ. 2017ರಲ್ಲಿ ಆರಂಭವಾದ ಅಭಿಯಾನಕ್ಕೆ ‘ಸ್ಪರ್ಶ’ ಎಂದೇ ಹೆಸರು. ಆದರೆ ಮನೆಯೊಳಗಿನ ಕಾನೂನು ಮಾತ್ರ ಬಹಳ ಕಾಲ ಹಳೆಯದೇ. ಗಂಡನಿಗೋ ಹೆಂಡತಿಗೋ ಕುಷ್ಠವಿದ್ದರೆ ವಿಚ್ಛೇದನ ಪಡೆಯಬಹುದೆಂದು ಹಿಂದೂ, ಮುಸ್ಲಿಂ, ಕ್ರೈಸ್ತ ವಿವಾಹದ ಕಾನೂನುಗಳಲ್ಲೆಲ್ಲ ಬರೆದಿತ್ತು. ಇದರಲ್ಲಿ ಮಾತ್ರ ಎಲ್ಲ ಮತಗಳಿಗೂ ಒಮ್ಮತ! 2019ರಲ್ಲಿ ಸಂಸತ್ತು ಅದನ್ನು ತೆಗೆದುಹಾಕಿತು. ಬಿಳಿ ತೊನ್ನು ಕುಷ್ಠವೇ ಅಲ್ಲ, ಅಂಟುವುದೂ ಇಲ್ಲ. ಆದರೂ ಅದನ್ನು ಕುಷ್ಠವೆಂದು ತಿಳಿದು ನಿಶ್ಚಿತಾರ್ಥ ಮುರಿದ ಮನೆಗಳನ್ನು ಓದುಗರಲ್ಲಿ ಕೆಲವರು ಕಂಡಿರಬಹುದು. ನಾನು ಕಂಡಿದ್ದೇನೆ.

ಕುಷ್ಠದ ಮಾತಾಯಿತು. ಆದರೆ ಬೆರ್ಗೆನ್ನಿನ ಕಾರಿಯ ಮಾತು ಮುಗಿದಿಲ್ಲ. ಮುಟ್ಟದೆ ಅವಮಾನಿಸುವುದು ಒಂದು, ಕೇಳದೆ ಮುಟ್ಟುವುದು ಇನ್ನೊಂದು. ಮೊದಲನೆಯದು ಕಡಿಮೆಯಾಗುತ್ತಿದ್ದಂತೆ ಎರಡನೆಯದು ನಮ್ಮ ಜಿಲ್ಲೆಯಲ್ಲಿ ದೊಡ್ಡದಾಗಿ ಕಂಡಿತು. 2015ರ ಹೊತ್ತಿಗೆ ಕಲಬುರಗಿ ಜಿಲ್ಲೆಯ ತಾಂಡಾಗಳ ಲಂಬಾಣಿ ಹೆಣ್ಣುಮಕ್ಕಳು, ದಲಿತ ಹೆಣ್ಣುಮಕ್ಕಳು ಹೊರಗೆ ಬಂದು ಹೇಳಿದರು: ಹೊಟ್ಟೆನೋವು, ಬಿಳಿಸೆರಗು ಎಂದು ಹೋದವರಿಗೆ, ಕ್ಯಾನ್ಸರ್ ಆಗುತ್ತದೆಂದು ಹೆದರಿಸಿ, ಗರ್ಭಕೋಶವನ್ನೇ ತೆಗೆದುಹಾಕಿದರು. ಅನೇಕರು ಇಪ್ಪತ್ತು ಮೂವತ್ತರ ಹರೆಯದವರು. ತನಿಖೆ ನಡೆದು ಕೆಲವು ಖಾಸಗಿ ಆಸ್ಪತ್ರೆಗಳ ಪರವಾನಗಿ ರದ್ದು ಮಾಡುವ ಮಟ್ಟಕ್ಕೂ ಹೋಯಿತು. ಬೇರೆ ರಾಜ್ಯಗಳಲ್ಲೂ ಹೀಗೆಯೇ ನಡೆದಿತ್ತು; 2023ರಲ್ಲಿ ಸುಪ್ರೀಂ ಕೋರ್ಟು ಇದರ ಮೇಲೆ ನಿಗಾ ಇಡುವ ಮಾರ್ಗಸೂಚಿಯನ್ನು ಎಲ್ಲ ರಾಜ್ಯಗಳೂ ಪಾಲಿಸಬೇಕೆಂದಿತು.

ಒಪ್ಪಿಗೆಯ ಬಗ್ಗೆ ಅದೇ ನ್ಯಾಯಾಲಯ 2008ರಲ್ಲೇ ಸ್ಪಷ್ಟವಾಗಿ ಹೇಳಿತ್ತು. ದೆಹಲಿಯ ಸಮೀರಾ ಕೊಹ್ಲಿ ಎಂಬಾಕೆ ಪರೀಕ್ಷೆಗೆಂದು ಅರಿವಳಿಕೆ ಪಡೆದು ಮಲಗಿದ್ದಾಗ, ಹೊರಗಿದ್ದ ತಾಯಿಯ ಒಪ್ಪಿಗೆ ಪಡೆದು ಗರ್ಭಕೋಶ ತೆಗೆದಿದ್ದರು. ಬುದ್ಧಿ ಬಲಿತ ಹೆಂಗಸು ತಾನೇ ಹೇಳಬಲ್ಲವಳಾಗಿರುವಾಗ, ಜೀವಕ್ಕೆ ತುರ್ತು ಇಲ್ಲದಿರುವಾಗ, ತಾಯಿಯ ಒಪ್ಪಿಗೆಯೂ ಸಲ್ಲದು. ಪರೀಕ್ಷೆಗೆ ಕೊಟ್ಟ ಒಪ್ಪಿಗೆ ಕೊಯ್ಯುವುದಕ್ಕೆ ಕೊಟ್ಟದ್ದಲ್ಲ ಎಂದಿತು ಕೋರ್ಟು. ತಾಯಿಯದೇ ಸಲ್ಲದ ಮೇಲೆ ಗಂಡನ ಹೆಬ್ಬೆಟ್ಟಿನ ಗತಿ ಏನು, ನೀವೇ ಯೋಚಿಸಿ. ವೈದ್ಯರಿಗೆ ಇದನ್ನು ಕಲಿಸುವ ಪ್ರಯತ್ನವೂ ಇಲ್ಲದಿಲ್ಲ. ಬೆಂಗಳೂರಿನ ಸೇಂಟ್ ಜಾನ್ಸ್ ಕ್ರೈಸ್ತ ವೈದ್ಯಕೀಯ ಕಾಲೇಜು (1963) ವೈದ್ಯಕೀಯ ನೀತಿಯನ್ನು ಪಾಠವಾಗಿ ಕಲಿಸಲು ಮೊದಲಾದವುಗಳಲ್ಲಿ ಒಂದು. 2019ರಿಂದ ದೇಶದ ಎಲ್ಲ ವೈದ್ಯಕೀಯ ಕಾಲೇಜುಗಳಲ್ಲೂ ಇದು ಪಠ್ಯದ ಭಾಗ.

ನನ್ನ ವಿದ್ಯಾರ್ಥಿನಿಯೊಬ್ಬಳ ತಾಯಿಗೂ ಹೀಗೆಯೇ ಆಗಿತ್ತು, ಮೂವತ್ತೊಂದು ವರುಷ. ಅಂದಿನಿಂದ ಮೈಯೆಲ್ಲ ಉರಿ, ಸೊಂಟನೋವು, ಹತ್ತಿ ಬಿಡಿಸಲು ಬಗ್ಗಲಾರಳು. “ನನಗ ಯಾರೂ ಕೇಳಿಲ್ಲ ಟೀಚರ್ರೀ, ಇವರ ಕಡಿಂದ ಹೆಬ್ಬಟ್ಟ ಒತ್ತಿಸಿಕೊಂಡ್ರು” ಎಂದಿದ್ದಳು. ಕೆಲವು ವರುಷಗಳ ಮೇಲೆ ಅವಳ ತಂಗಿಗೆ ಮುಟ್ಟಿನ ತೊಂದರೆ ಹೆಚ್ಚಾಗಿ ಪಟ್ಟಣದ ಒಂದು ಆಸ್ಪತ್ರೆಯಲ್ಲಿ ಆಪರೇಷನ್ ಆಗಬೇಕೆಂದರಂತೆ. ಅಕ್ಕತಂಗಿಯರಿಬ್ಬರೂ ಶಾಲೆ ಬಿಡುವ ಹೊತ್ತಿಗೆ ಬಂದು ಗೇಟಿನ ಬಳಿ ನಿಂತರು. “ನೀವು ಕೂಡ ಬರ್ರೀ, ಆ ಕಾಗದದಾಗ ಏನ ಬರದದ ಓದಿ ಹೇಳ್ರೀ ಸಾಕು.”

ರಜೆ ಹಾಕಿ ಹೋದೆ. ಕಾಗದ ಇಂಗ್ಲಿಷಿನಲ್ಲಿತ್ತು, ಎರಡು ಪುಟ, ಸಣ್ಣ ಅಕ್ಷರ. ನರ್ಸು ಸಹಿಯ ಜಾಗಕ್ಕೆ ಬೆರಳಿಟ್ಟು ತೋರಿಸಿ ಮಸಿಯ ಡಬ್ಬಿ ಮುಂದಿಟ್ಟಳು. ನಾನು ಕನ್ನಡಕ ಹಾಕಿಕೊಂಡು ಒಂದೊಂದೇ ಸಾಲು ಓದಿ, ನನಗೆ ತಿಳಿದಷ್ಟು ಕನ್ನಡದಲ್ಲಿ ಹೇಳಿದೆ. ತಿಳಿಯದ ಎರಡು ಶಬ್ದಗಳ ಅರ್ಥವನ್ನು ಡಾಕ್ಟರಲ್ಲಿ ಕೇಳಬೇಕೆಂದೆ. ಅರ್ಧ ಗಂಟೆ ಕಾಯಿಸಿದರು. ಡಾಕ್ಟರು ಬಂದು ಹೇಳಿದರು, ಸ್ವಲ್ಪ ಬೇಸರದಿಂದಲೇ. ಮೊದಲು ಮಾತ್ರೆಯಲ್ಲಿ ನೋಡಬಹುದೇ ಎಂದು ತಂಗಿಯೇ ಕೇಳಿದಳು. ನೋಡಬಹುದು, ಮೂರು ತಿಂಗಳು, ಎಂದರು ಅವರು.

ಅವಳು ಮಸಿಯ ಡಬ್ಬಿಯ ಮುಚ್ಚಳ ಹಾಕಿ ನರ್ಸಿನ ಕಡೆ ಸರಿಸಿದಳು. “ಮನ್ಯಾಗ ಕೇಳಿ ಹೇಳ್ತೀನ್ರಿ” ಎಂದು ಎದ್ದವಳು, ಬಾಗಿಲ ತನಕ ಹೋಗಿ ತಿರುಗಿ, “ಇಲ್ರೀ, ನಾನೇ ವಿಚಾರ ಮಾಡಿ ಹೇಳ್ತೀನಿ” ಎಂದಳು. ಮಾತ್ರೆಯ ಚೀಟಿ ಬರೆಸಿಕೊಂಡು, ಹೊರಗೆ ಚಹಾ ಕುಡಿದು, ಚಿತ್ತಾಪುರದ ಬಸ್ಸಿಗೆ ನಿಂತೆವು.